ದಾರದ ಅಳತೆಗೆ ಕೂರದ ಕಂಠಪಟ್ಟಿ

“ಕರಗಿಸಬಾರ್ದು. ಆ ಒಂದ್ ಮಾತು ಕೊಟ್ರೆ ಗಂಟು ಬಿಚ್ತೀನಿ” ಎಂದರು ಹಳೇಕೋಟೆ ಕಡೆಯ ಟೀಚರಮ್ಮ, ಬೀದಿಯಲ್ಲೇ ನಿಂತು.

ಅವರು ನಮ್ಮ ಜಗಲಿ ಹತ್ತಲಿಲ್ಲ. ಹತ್ತಿ ಎಂದು ನಾವೂ ಹೇಳಲಿಲ್ಲ. ಹೊಳೆನರಸೀಪುರದ ನಮ್ಮ ಅಕ್ಕಸಾಲಿಗರ ಬೀದಿಯಲ್ಲಿ ಅವರ ಕೇರಿಯವರಿಗೆ ಒಡವೆ ಮಾಡಿಕೊಡಲು ಬೇರೆಯದೇ ಪದ್ಧತಿ ಇತ್ತು. ಮಿಕ್ಕ ಗಿರಾಕಿಗಳನ್ನು ಜಗಲಿಗೆ ಕರೆದು, ಮಣೆ ಹಾಕಿ ಕೂರಿಸಿ, ಕುತ್ತಿಗೆಗೋ ಕೈಗೋ ನಾವೇ ದಾರ ಸುತ್ತಿ ಅಳತೆ ತೆಗೆಯುತ್ತಿದ್ದೆವು. ಕೇರಿಯವರು ಮಾತ್ರ ತಮ್ಮ ಮನೆಯಲ್ಲೇ ಅಳೆದುಕೊಂಡು ದಾರ ತಂದು ಜಗಲಿ ಅಂಚಿನ ಕಲ್ಲಿನ ಮೇಲಿಡಬೇಕು. ಒಡವೆ ಮುಗಿದ ಮೇಲೆ ನಾವು ಅದೇ ಕಲ್ಲಿನ ಮೇಲಿಟ್ಟು ಒಳಗೆ ಸರಿಯುತ್ತಿದ್ದೆವು, ಅವರು ಎತ್ತಿಕೊಂಡು ಹೋಗುತ್ತಿದ್ದರು. ಸರಿಯಾಗಿ ಕೂತಿತೇ ಎಂದು ಕೇಳಿದವರನ್ನು ನಾನು ಕಂಡಿಲ್ಲ. ಟೀಚರಮ್ಮನ ಮನೆಯವರು ಕೆಲವು ವರ್ಷಗಳ ಹಿಂದೆ ಬೌದ್ಧರಾಗಿದ್ದರು, ಅವರು ಓದಿ ಕೆಲಸಕ್ಕೂ ಸೇರಿದ್ದರು. ನಮ್ಮ ಬೀದಿಗೆ ಇವೆರಡೂ ಲೆಕ್ಕಕ್ಕಿರಲಿಲ್ಲ.

ಅದು ಚಿನ್ನದ ಕಾನೂನು ಬಂದಿದ್ದ ಕಾಲ. ಹದಿನಾಲ್ಕು ಕ್ಯಾರೆಟ್ಟು ಮೀರಿದ ಚಿನ್ನದಲ್ಲಿ ಹೊಸ ಒಡವೆ ಮಾಡುವಂತಿಲ್ಲ ಎಂದು ಸರ್ಕಾರ ಅಪ್ಪಣೆ ಮಾಡಿತ್ತು. ಹದಿನಾಲ್ಕು ಕ್ಯಾರೆಟ್ಟಿನದನ್ನು ನಮ್ಮ ಕಡೆಯ ಹೆಂಗಸರು ಮೂಸಿಯೂ ನೋಡುತ್ತಿರಲಿಲ್ಲ. ಬೀದಿಯ ಅರ್ಧ ಮನೆಗಳಲ್ಲಿ ಒಲೆಯಲ್ಲಿ ಬೆಕ್ಕು ಮಲಗಿತ್ತು. ನಮ್ಮ ಮನೆ ಹೇಗೋ ನಡೆಯುತ್ತಿದ್ದದ್ದು ಹಳೆಯ ಚಿನ್ನದಲ್ಲೇ ಮಾಡುವ ತಾಳಿಬೊಟ್ಟಿನಂಥ ಸಣ್ಣಪುಟ್ಟ ಕೆಲಸ ಮತ್ತು ಬೆಳ್ಳಿಯಿಂದ. ಅದೂ ಬೀದಿಯ ಯಜಮಾನರು ಬಾಯಿ ಮುಚ್ಚಿಕೊಂಡಿದ್ದರಿಂದ.

ಯಾಕೆಂದರೆ ಕೆಲಸ ಮಾಡುತ್ತಿದ್ದವಳು ನಾನು. ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದೆ. ಅಪ್ಪನ ಎರಡೂ ಕಣ್ಣಿಗೆ ಪೊರೆ ಬಂದಾಗಿನಿಂದ ನಡುಮನೆಯ ಬಾಗಿಲ ಹಿಂದೆ ಅಗ್ಗಿಷ್ಟಿಕೆ ಇಟ್ಟುಕೊಂಡು ಊದುಗೊಳವೆ ಹಿಡಿದಿದ್ದೆ. ಅಪ್ಪ ಜಗಲಿಯ ಮೇಲೆ ಕೂತು ಕೆಲಸ ತಮ್ಮದೇ ಎಂದು ತೋರಲು ಬರಿಯ ಕಬ್ಬಿಣದ ಅಡಿಗಲ್ಲನ್ನು ಆಗಾಗ ಟಣ್ಣೆಂದು ಬಡಿಯುತ್ತಿದ್ದರು. ವಿಧವೆ ಮಾಡಿದ ತಾಳಿ ಎಂದು ಹೊರಗೆ ತಿಳಿದರೆ ಯಾವ ಮದುವೆ ಮನೆಯವರು ಒಯ್ಯುತ್ತಾರೆ? ಬೀದಿಗೆಲ್ಲ ಗೊತ್ತಿತ್ತು. ಯಜಮಾನರು ಹೇಳಬೇಡಿ ಎಂದಿದ್ದರಿಂದ ಯಾರೂ ಹೇಳಿರಲಿಲ್ಲ. ಉಪಕಾರವೇ ಸರಿ, ಆದರೆ ಗಿರಾಕಿಗಳು ನನ್ನ ಕೈಕೆಲಸವನ್ನು ಹೊಗಳಿದಾಗಲೆಲ್ಲ ಅಪ್ಪ ತಮ್ಮದೆಂಬಂತೆ ತಲೆಯಾಡಿಸುವುದನ್ನು ಬಾಗಿಲ ಸಂದಿಯಿಂದ ನೋಡಿ ನೋಡಿ ನನಗೆ ಹೊಟ್ಟೆ ಉರಿಯುತ್ತಿತ್ತು.

“ಕರಗಿಸ್ದೆ ಎಂಗವ್ವಾ ಮಾಡಾದು?” ಎಂದರು ಅಪ್ಪ. “ಹಳೇದು ಬೆಂಕಿಗೆ ಬಿದ್ರೆ ತಾನೆ ಹೊಸ್ದಾಗಾದು? ಯಾರ್ ಮೈಮ್ಯಾಲಿದ್ರೂ ಬೆಂಕಿ ಕಂಡ್ರೆ ಮೈಲಿಗೆ ಕಳೀತದೆ. ನಮ್ ಕಸುಬೇ ಅದು.”

“ಕರಗಿಸಿದ್ಮೇಲೆ ಅದು ಬರೀ ಬೆಳ್ಳಿ ಆಚಾರ್ರೇ. ನಮ್ಮಜ್ಜಿ ಎಲ್ಲಿರ್ತಾಳೆ?”

ಅವರು ಗಂಟು ಬಿಚ್ಚಿ ಕಲ್ಲಿನ ಮೇಲಿಟ್ಟರು. ಮೂರು ತುಂಡಾದ ಒಂದು ಬೆಳ್ಳಿ ತೋಳುಬಂದಿ, ಕೊಂಡಿ ಬೆಸೆದ ರಾಣಿ ಮುಖದ ರೂಪಾಯಿಗಳು, ಒಂದು ಹಿಡಿ ನೀಲಿ ಗಾಜಿನ ಮಣಿ. “ಅಜ್ಜಿ ತೋಳಿಗೇ ಯಾಕ್ ಮಾಡಿಸ್ಕೊಂಡ್ಲು ಗೊತ್ತಾ? ಕುತ್ಗೆಗೆ ಹಾಕ್ಕೊಂಡ್ರೆ ಊರೊಳಿಕ್ಕೆ ಬಿಡ್ತಿರ್ಲಿಲ್ಲ. ತೋಳಾದ್ರೆ ಸೆರಗು ಮುಚ್ಕೋಬೋದು. ನಂಗಿದು ಕುತ್ಗೆಗೆ ಆಗ್ಬೇಕು. ಮದ್ವೆ ದಿನ ಎಲ್ರಿಗೂ ಕಾಣಂಗೆ.”

ನಾನು ಬಾಗಿಲ ಹಿಂದಿನಿಂದಲೇ ಹೇಳಿದೆ, “ಆಯ್ತು, ಕರಗಿಸಾಕಿಲ್ಲ. ಆದ್ರೆ ಕೆಲ್ಸ ಮಾಡೋಳು ನಾನು. ಗಂಡ ಇಲ್ದೋಳು. ಮದ್ವೆ ಒಡವೆ, ಯೋಚ್ನೆ ಮಾಡಿ.”

ಇದನ್ನು ಗಿರಾಕಿಯೊಬ್ಬರಿಗೆ ನಾನೇ ಹೇಳಿದ್ದು ಅದೇ ಮೊದಲು. ಅಪ್ಪ ಗಾಬರಿಯಾಗಿ ಕೆಮ್ಮಿದರು. ಟೀಚರಮ್ಮ ನಕ್ಕರು.

“ನಮ್ ಮದ್ವೇಲಿ ರಾಹುಕಾಲಾನೇ ನೋಡಾಕಿಲ್ಲ ಅಕ್ಕಾ. ನಿಮ್ ಕೈ ನೋಡ್ತೀವಾ?”

ದಾರ ಇಟ್ಟು ಹೋದರು.

ಮೊದಲು ತೋಳುಬಂದಿಯನ್ನು ಅಂಟುವಾಳದ ನೀರಿನಲ್ಲಿ ತೊಳೆದೆ. ಕಪ್ಪು ಬಿಟ್ಟ ಹಾಗೆ ಒಂದು ಬಳ್ಳಿ ಕಾಣಿಸಿಕೊಂಡಿತು, ಅಲ್ಲಲ್ಲಿ ಎಲೆ, ತುದಿಯಲ್ಲಿ ಬಾತುಕೋಳಿಯೋ ಹಂಸವೋ ಒಂದು ಹಕ್ಕಿ. ತೋಳಿನ ಒಳಭಾಗಕ್ಕೆ ತಾಗುವ ಕಡೆ ಬಳ್ಳಿ ಪೂರಾ ಸವೆದಿತ್ತು. ಸೆರಗಿನ ಕೆಳಗೆ ಎಷ್ಟು ವರ್ಷ ಉಜ್ಜಿತ್ತೋ! ಮೂರು ತುಂಡನ್ನೂ ಬೆಸೆದು ಬಾಗಿಸಿ ಕುತ್ತಿಗೆಗೆ ತರುವುದು, ಕೆಳಗೆ ರೂಪಾಯಿಗಳನ್ನು ತೂಗಿಸುವುದು, ನಡುವೆ ಮಣಿ ಪೋಣಿಸುವುದು, ಇಷ್ಟೇ ಕೆಲಸ ಎಂದುಕೊಂಡೆ. ಹಿಂಬದಿಯಲ್ಲಿ ಬೂದು ಬಣ್ಣದ ತೇಪೆಗಳಿದ್ದವು. ಹಿಂದೆ ಯಾವಾಗಲೋ ಮುರಿದಾಗ ಯಾರೋ ಸೀಸ ಹಚ್ಚಿ ಅಂಟಿಸಿದ್ದರು. ಕೆರೆದು ತೆಗೆದೆ. ಪೂರಾ ಹೋಯಿತು ಎಂದು ನಂಬಿ ಬಿಳಿಗಾರ ಸವರಿ, ಬೆಸುಗೆಯ ಚೂರಿಟ್ಟು ಊದಿದೆ.

ಸೀಸ ಒಂದು ಚುಕ್ಕೆ ಉಳಿದಿದ್ದರೂ ಸಾಕು, ಕಾವು ತಾಗಿದ್ದೇ ಬೆಳ್ಳಿಯನ್ನು ತಿನ್ನುತ್ತದೆ. ಬೆಸುಗೆ ಹರಿಯುವ ಮೊದಲೇ ಬಳ್ಳಿಯ ನಟ್ಟನಡುವೆ ಕಡಲೆಕಾಳು ಗಾತ್ರದ ತೂತು ಬಾಯಿ ತೆರೆಯಿತು. ಊದುಗೊಳವೆ ಬಾಯಿಂದ ಜಾರಿತು. ಸೆರಗಿನ ಕೆಳಗೆ ಅಷ್ಟು ಕಾಲ ಬಾಳಿದ್ದು ನನ್ನ ಒಂದು ಉಸಿರಿಗೆ ತೂತಾಯಿತಲ್ಲ ಎಂದು ಅಳು ಬಂತು.

“ಇನ್ನೇನು, ಕರಗ್ಸು” ಎಂದರು ಅಪ್ಪ. “ಆಯಮ್ಮಂಗೆ ಏನ್ ಗೊತ್ತಾಯ್ತದೆ? ಅದೇ ಬೆಳ್ಳಿ, ಅದೇ ತೂಕ.”

ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂದು ಊರು ಸುಮ್ಮನೆ ಅನ್ನುವುದಿಲ್ಲ. “ಮಾತು ಕೊಟ್ಟಿದೀನಿ” ಎಂದೆ. ಇನ್ನು ಮೇಲೆ ಈ ಬೆಳ್ಳಿಗೆ ಬೆಂಕಿ ಮುಟ್ಟಿಸುವುದಿಲ್ಲ ಎಂದು ಹಟ ಹಿಡಿದೆ. ಆದರೆ ಬೆಂಕಿಯಿಲ್ಲದೆ ಮೂರು ತುಂಡು ಒಂದಾಗುವುದು ಹೇಗೆ, ತೂತಿಗೆ ಏನು ಮುಚ್ಚುವುದು, ಎರಡೂ ತಿಳಿಯದೆ ಕೆಲವು ದಿನ ತೋಳುಬಂದಿಯನ್ನು ಕೈಯಲ್ಲಿ ತಿರುಗಿಸುತ್ತ ಕೂತೆ.

ದಾರಿ ಕಂಡಿದ್ದು ಅರಕಲಗೂಡಿನ ಸಂತೆಯಲ್ಲಿ. ಚಿಕ್ಕಮ್ಮನ ಮನೆಗೆಂದು ಹೋದವಳು ಸಂತೆಯ ಅಂಚಿನಲ್ಲಿ ಒಬ್ಬ ಟಿಬೆಟಿನ ಹೆಂಗಸನ್ನು ಕಂಡೆ. ಬೈಲುಕುಪ್ಪೆಯ ಕಾಡು ಕಡಿದು ಅವರನ್ನು ನೆಲೆ ಮಾಡಿಸಿ ಆಗಿನ್ನೂ ಹೆಚ್ಚು ಕಾಲವಾಗಿರಲಿಲ್ಲ. ಚೀಲದ ಮೇಲೆ ತನ್ನ ಊರಿಂದ ಹೊತ್ತು ತಂದ ಹವಳ, ಆಕಾಶ ಬಣ್ಣದ ಕಲ್ಲುಗಳನ್ನು ಹರಡಿಕೊಂಡು ಕೂತಿದ್ದಳು. ಕೊಳ್ಳುವವರಿರಲಿ, ಏನೆಂದು ಕೇಳುವವರೂ ಇರಲಿಲ್ಲ. ಅವಳ ಕೊರಳಲ್ಲಿ ಅಂಗೈಯಗಲದ ಒಂದು ಬೆಳ್ಳಿ ಡಬ್ಬಿ ತೂಗುತ್ತಿತ್ತು. ಮುಚ್ಚಳದ ಕೀಲು ಕಿತ್ತು ಬಂದು ದಾರದಲ್ಲಿ ಬಿಗಿದಿತ್ತು.

ನನ್ನ ಕಣ್ಣು ಹೋಗಿದ್ದೇ ಆ ಕೀಲಿಗೆ. ತಗಡಿನ ಅಂಚನ್ನೇ ಸುರುಳಿ ಸುತ್ತಿ, ಎರಡು ಸುರುಳಿಗಳನ್ನು ಹಲ್ಲಿಗೆ ಹಲ್ಲು ಸೇರಿಸಿ, ಒಳಗೊಂದು ಕಡ್ಡಿ ತೂರಿಸುವುದು. ಬೆಸುಗೆಯ ಹಂಗೇ ಇಲ್ಲ. ಕೀಲು ನನಗೆ ಹೊಸದಲ್ಲ, ಬಳೆಗೆ ಎಷ್ಟೋ ಸಲ ಹಾಕಿದ್ದೆ. ಆದರೆ ಕುತ್ತಿಗೆಯ ಒಡವೆ ಎಂದರೆ ಬೆಸೆಯಬೇಕು ಎಂದು ಕೈಗೆ ಕೂತಿದ್ದ ಅಭ್ಯಾಸ ಕಣ್ಣು ಕಟ್ಟಿತ್ತು. ಕೈಸನ್ನೆಯಲ್ಲಿ ಡಬ್ಬಿ ಕೇಳಿದೆ. ಅವಳು ಅನುಮಾನಿಸಿಯೇ ಕೊಟ್ಟಳು. ಚಿಮ್ಮಟ, ಸಣ್ಣ ಅರ ನನ್ನ ಕೈಚೀಲದಲ್ಲಿ ಯಾವಾಗಲೂ ಇರುತ್ತಿದ್ದವು. ಸೆರಗಿನ ಪಿನ್ನನ್ನು ಮುರಿದು ಕಡ್ಡಿ ಮಾಡಿ ತೂರಿಸಿ, ತುದಿ ತಟ್ಟಿ ಕೊಟ್ಟೆ. ಅವಳು ಮುಚ್ಚಳವನ್ನು ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ಒಳಗೆ ಬಟ್ಟೆ ಸುತ್ತಿದ ಬುದ್ಧನ ಸಣ್ಣ ಮೂರ್ತಿ. ಕಲ್ಲುಗಳನ್ನು ತೋರಿಸಿ ಬೇಕಾದ್ದು ತೆಗೆದುಕೋ ಎಂದು ಸನ್ನೆ ಮಾಡಿದಳು. ಒಂದಿಷ್ಟು ಹವಳ, ಒಂದು ಆಕಾಶ ಬಣ್ಣದ ಕಲ್ಲು ಆರಿಸಿಕೊಂಡೆ. ಆಮೇಲೆ ಆ ಡಬ್ಬಿಯನ್ನು ಎತ್ತಿ ನನ್ನ ನೆತ್ತಿಗೆ ಮುಟ್ಟಿಸಿ ಏನೋ ಹೇಳಿದಳು. ಗಂಡ ಸತ್ತ ಮೇಲೆ ಯಾರೂ ನನ್ನ ತಲೆ ಮುಟ್ಟಿ ಹರಸಿರಲಿಲ್ಲ. ಸಂತೆಯ ನಡುವೆ ಕಣ್ಣೀರು ಒರೆಸಿಕೊಂಡು ಎದ್ದೆ.

ಬಸ್ಸಿನಲ್ಲೇ ಕೆಲಸ ತಲೆಯಲ್ಲಿ ಕೂತಿತು. ಮೂರು ತುಂಡೂ ತುಂಡಾಗಿಯೇ ಇರಲಿ. ಪ್ರತಿ ತುಂಡಿನ ಅಂಚಿಗೂ ಹೊಸ ಬೆಳ್ಳಿ ತಗಡಿನ ಸುರುಳಿಯನ್ನು ಸಣ್ಣ ಮೊಳೆಗಳಿಂದ ಬಿಗಿಯುವುದು, ಸುರುಳಿಗಳ ನಡುವೆ ಕಡ್ಡಿ ತೂರಿಸುವುದು. ತೂತಿನ ಮೇಲೆ ಟಿಬೆಟಿನ ಕಲ್ಲು, ನೀಲಿ ಮಣಿಗಳ ನಡುನಡುವೆ ಹವಳ. ಹೊಸ ಬೆಳ್ಳಿ ಎಲ್ಲಿಂದ ತರಲಿ? ಪೆಟ್ಟಿಗೆಯ ತಳದಲ್ಲಿ ನನ್ನ ಕಾಲುಂಗುರಗಳಿದ್ದವು, ಗಂಡ ಸತ್ತಾಗ ನನ್ನ ಬೆರಳಿಂದ ಎಳೆದು ತೆಗೆದವು. ಅವನ್ನು ಮೂಸೆಗೆ ಹಾಕಿ ಕರಗಿಸಿದೆ. ಅಜ್ಜಿಯ ಬೆಳ್ಳಿಗೆ ಅಷ್ಟು ಮರುಗಿದವಳಿಗೆ ಇದಕ್ಕೆ ಒಂದಿಷ್ಟೂ ಸಂಕಟವಾಗಲಿಲ್ಲ. ತಗಡು ಬಡಿದು, ತಂತಿ ಎಳೆದು, ಮೊಳೆ ಕತ್ತರಿಸಿದೆ.

ಅಷ್ಟರಲ್ಲಿ ಅವ್ವ ತನ್ನ ಕೈ ತೋರಿಸಿದಳು. ಗೂಡಿನಲ್ಲಿಟ್ಟಿದ್ದ ಕಲ್ಲುಗಳು ಬೆಳಿಗ್ಗೆ ನೋಡಿದರೆ ಇಲ್ಲ. ಅಡುಗೆಮನೆಯಲ್ಲಿ ಒಂದು ಬಟ್ಟಲು ಹುಣಸೆಹುಳಿಯ ನೀರಿನಲ್ಲಿ ಮುಳುಗಿದ್ದವು, ಮೇಲೆ ಅರಿಶಿನ ಬೇರೆ.

“ಯಾರ್ಯಾರ್ ಮೈಮ್ಯಾಲಿದ್ವೋ ಏನೋ. ಮದ್ವೆ ಹೆಣ್ಗೆ ಹಾಕಾವು. ರಾತ್ರೀನೇ ನೆನಸಿ ಸುದ್ದ ಮಾಡಿವ್ನಿ ಕಣೆ” ಎಂದಳು, ಒಳ್ಳೆ ಕೆಲಸ ಮಾಡಿದ ಗತ್ತಿನಲ್ಲಿ.

ನಮ್ಮ ಮನೆಯಲ್ಲಿ ಯಾವ ಒಡವೆಯೂ ಹುಣಸೆಹುಳಿ ಕಾಣದೆ ಹೊರಗೆ ಹೋಗುತ್ತಿರಲಿಲ್ಲ. ಬೆಳ್ಳಿಗೆ ಅದು ಅಮೃತ. ಹವಳಕ್ಕೆ ವಿಷ, ಏಕೆಂದರೆ ಹವಳ ಸುಣ್ಣದ ಜಾತಿಯದು, ಹುಳಿ ಅದನ್ನು ತಿಂದುಹಾಕುತ್ತದೆ. ಬಟ್ಟಲಿಂದ ಎತ್ತಿದರೆ ಕೆಂಪು ಹವಳ ಬಿಳಿಚಿ ತರಿತರಿಯಾಗಿತ್ತು. ಆಕಾಶ ಬಣ್ಣದ ಕಲ್ಲು ಪಾಚಿ ಬಣ್ಣಕ್ಕೆ ತಿರುಗಿತ್ತು. ನಾನು ಕಿರುಚಿದ್ದು ಬೀದಿಯ ಕೊನೆಗೆ ಕೇಳಿತಂತೆ. ಅವ್ವನಿಗೆ ನಾನು ಯಾಕೆ ಕಿರುಚುತ್ತೇನೆಂದೇ ಅರ್ಥವಾಗಲಿಲ್ಲ. “ಸುದ್ದ ಮಾಡಿದ್ಕೂ ಬೈಸ್ಕೋಬೇಕಾ?” ಎಂದು ಮುಖ ಊದಿಸಿಕೊಂಡಳು.

ಹವಳಗಳನ್ನು ಒಂದೊಂದಾಗಿ ನುಣುಪು ಕಲ್ಲಿನ ಮೇಲೆ ನೀರು ಹಾಕಿ ಉಜ್ಜಿದೆ. ತರಿ ಹೋದ ಮೇಲೆ ಜರಡಿ ಹಿಡಿದ ಬೂದಿ, ಆಮೇಲೆ ಎಣ್ಣೆ ಬಟ್ಟೆ. ಬೆರಳ ತುದಿಯ ಚರ್ಮ ಸುಲಿದು ಹೋದರೂ ಬಿಡಲಿಲ್ಲ. ಒಳಗಿನ ಕೆಂಪು ಮೆಲ್ಲಗೆ ಮೇಲೆ ಬಂತು, ಕಾಳು ಮಾತ್ರ ಮೊದಲಿಗಿಂತ ಸಣ್ಣದಾಯಿತು. ಪಾಚಿಯಾದ ಕಲ್ಲಿಗೆ ಮಾಡುವಂಥದ್ದು ಏನೂ ಇರಲಿಲ್ಲ. ತೂತಿನ ಮೇಲೆ ಅದನ್ನೇ ಇಟ್ಟು ನೋಡಿದೆ. ಬಳ್ಳಿಗೆ ಹಸಿರು ಒಪ್ಪಿತು. ಹಾಗೆಂದು ಅವ್ವನಿಗೆ ನಾನು ಹೇಳಲಿಲ್ಲ, ಅಷ್ಟು ದೊಡ್ಡ ಮನಸ್ಸು ನನಗೆ ಆಗ ಇರಲಿಲ್ಲ.

ಟೀಚರಮ್ಮ ಇಟ್ಟುಹೋದ ದಾರಕ್ಕೆ ಸರಿಯಾಗಿ ಎಲ್ಲವನ್ನೂ ಜೋಡಿಸಿದೆ. ಒಂದು ಕೂದಲೆಳೆಯೂ ಹೆಚ್ಚುಕಡಿಮೆ ಇರಲಿಲ್ಲ. ಅವರು ಬಂದರು, ನಾನು ಕಲ್ಲಿನ ಮೇಲಿಟ್ಟು ಬಾಗಿಲ ಹಿಂದೆ ಸರಿದೆ, ಅವರು ಬೀದಿಯಲ್ಲೇ ನಿಂತು ಹಾಕಿಕೊಂಡರು. ಮುಂದಿನ ತುಂಡು ಎಲುಬಿಗೆ ಚುಚ್ಚುತ್ತಿತ್ತು. ಹಿಂದಿನದು ಕುತ್ತಿಗೆ ಬಿಟ್ಟು ಎರಡು ಬೆರಳು ಎದ್ದು ನಿಂತಿತ್ತು. ರೂಪಾಯಿಗಳು ಒಂದು ಪಕ್ಕಕ್ಕೆ ವಾಲಿದ್ದವು.

“ಪರ್ವಾಗಿಲ್ಲ ಬುಡಿ ಅಕ್ಕಾ. ನಮ್ ಒಡವೆ ಯಾವಾಗ್ಲೂ ಇಂಗೇ” ಎಂದರು.

ಆ ಮಾತು ನನಗೆ ಚಾಟಿಯೇಟಿನ ಹಾಗೆ ಬಿತ್ತು. ದಾರ ಸುತ್ತಳತೆಯನ್ನಷ್ಟೇ ಹೇಳುತ್ತದೆ. ಕುತ್ತಿಗೆ ಎಲ್ಲಿ ಅಗಲ, ಎಲ್ಲಿ ಸಣ್ಣ, ಎಲುಬು ಎಲ್ಲಿ ಏಳುತ್ತದೆ ಎಂದು ದಾರಕ್ಕೆ ಏನು ಗೊತ್ತು? ಮಿಕ್ಕವರಿಗೆ ದಾರ ಸುತ್ತುವಾಗ ನಮ್ಮ ಕಣ್ಣು ಅದನ್ನೆಲ್ಲ ನೋಡಿಕೊಳ್ಳುತ್ತಿತ್ತು, ಬೆರಳು ಮುಟ್ಟಿ ತಿಳಿದುಕೊಳ್ಳುತ್ತಿತ್ತು. ತಲೆತಲಾಂತರದಿಂದ ಆ ಕೇರಿಗೆ ನಾವು ಚುಚ್ಚುವ ಒಡವೆ, ಜಾರುವ ಒಡವೆ ಕೊಡುತ್ತಲೇ ಬಂದಿದ್ದೆವು. ಅವರು ಅದನ್ನು ಹಾಗೆಯೇ ಹಾಕಿಕೊಂಡು ಸವೆಸಿದ್ದರು. ಕೆಲಸ ಗೊತ್ತಿದ್ದೂ ಕೆಟ್ಟ ಕೆಲಸ ಮಾಡುವ ಇಂಥ ಮಡಿ ಯಾವ ಸೀಮೆಯದು ಎಂದು ರೋಷ ಉಕ್ಕಿತು.

“ಮ್ಯಾಲಕ್ ಬನ್ನಿ” ಎಂದೆ.

ಅವರು ಅಲುಗಲಿಲ್ಲ. ನಾನು ನಡುಮನೆಯಿಂದ ಜಗಲಿಗೆ ಬಂದು, ಗಿರಾಕಿಗಳ ಮಣೆಯನ್ನು ಹಾಕಿ, “ಬನ್ನಿ ಟೀಚರಮ್ಮ, ಕೂತ್ಕೊಳಿ” ಎಂದೆ. ಹಗಲು ಹೊತ್ತಿನಲ್ಲಿ ಜಗಲಿಯ ಮೇಲೆ ಕೆಲಸಕ್ಕೆ ಕೂತದ್ದು ನನಗೂ ಅದೇ ಮೊದಲು. ಅವರು ಚಪ್ಪಲಿ ಬಿಟ್ಟು ಮೇಲೆ ಬಂದರು. ಸೀಸವನ್ನು ತೆಳ್ಳಗೆ ತಟ್ಟಿ ಪಟ್ಟಿ ಮಾಡಿ, ಬಟ್ಟೆ ಸುತ್ತಿ ಕುತ್ತಿಗೆಗಿಟ್ಟು, ಹೆಬ್ಬೆರಳಿಂದ ಒತ್ತುತ್ತ ಬಂದೆ. ಹಾಗೆ ಒತ್ತಿದರೆ ಮೈಯ ಏರಿಳಿತವೆಲ್ಲ ಪಟ್ಟಿಯಲ್ಲಿ ಮೂಡುತ್ತದೆ. ಎದುರು ಮನೆಯ ಕಿಟಕಿಯಲ್ಲಿ ಒಂದು ಮುಖ ಮೂಡಿತು, ಆಮೇಲೆ ಇನ್ನೊಂದು. ಮುಕ್ಕಾಲು ಕೆಲಸ ಮುಗಿಯುವಷ್ಟರಲ್ಲಿ ಯಜಮಾನರೇ ಬಂದು ಜಗಲಿಯ ಮುಂದೆ ನಿಂತರು.

“ಏನವ್ವಾ ಇದು?”

“ಅಳತೆ, ಯಜಮಾನ್ರೇ.”

“ದಾರ ತರ್ಲಿಲ್ವಾ?”

“ತಂದಿದ್ರು. ದಾರದಾಗೆ ಕುತ್ಗೆ ಇರಾಕಿಲ್ಲ.”

ಅವರು ಟೀಚರಮ್ಮನ ಕಡೆ ತಿರುಗಿ, “ಎದ್ದೇಳಮ್ಮ. ಕೆಳಗಿಳಿ” ಎಂದರು. ನನ್ನ ಬೆರಳ ಕೆಳಗೆ ಟೀಚರಮ್ಮನ ಭುಜ ಬಿಗಿಯಿತು. ಏಳಲು ಹೊರಟಿದ್ದರು. ನಾನು ಎರಡೂ ಕೈಯಿಂದ ಭುಜವನ್ನು ಅದುಮಿ ಹಿಡಿದೆ.

“ಅಲುಗ್ಬೇಡಿ. ಅಳತೆ ಕೆಡ್ತದೆ.”

ಯಜಮಾನರ ಮುಖ ಕೆಂಪಾಯಿತು. “ಗಂಡ ಸತ್ತೋಳು ಮದ್ವೆ ಒಡವೆ ಮಾಡ್ತಾಳೆ ಅಂತ ಗೊತ್ತಿದ್ರೂ ಇಷ್ಟ್ ದಿನ ಬಾಯ್ ಮುಚ್ಕೊಂಡಿದ್ದೆ. ಇನ್ ಮುಚ್ಕೊಳಾಕಿಲ್ಲ. ನಿಮ್ ಮನೆ ತಾಳಿ ಯಾರ್ ಕಟ್ತಾರೆ ನೋಡ್ತೀನಿ.”

ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ಬಂಗಾರಕ್ಕೆ ಹೇಗೂ ಕಾನೂನು ಬಂದಿತ್ತಲ್ಲ, ನಾನು ಬೆಳ್ಳಿಯನ್ನೇ ತೆಗೆದೆ. “ನಾನೇ ಬಂದು ಜಗ್ಲಿ ಮ್ಯಾಲೆ ಕೂತಿವ್ನಿ ಯಜಮಾನ್ರೇ. ಊರಿಗೆಲ್ಲ ಕಾಣ್ತಾ ಅದೆ. ಇನ್ ನೀವ್ ಹೇಳಾದೇನ್ ಉಳೀತು?”

ಅವರು ಅಪ್ಪನನ್ನು ಕರೆದರು. “ಏನಯ್ಯಾ, ನೋಡ್ಕಂಡ್ ಸುಮ್ಕೆ ಕೂತಿದೀಯಲ್ಲ?”

ಅಪ್ಪ ಗೋಡೆಗೊರಗಿಕೊಂಡೇ ಹೇಳಿದರು, “ನಂಗೆಲ್ಲಿ ಕಣ್ ಕಾಣ್ತದೆ ಯಜಮಾನ್ರೇ? ಯಾರ್ ಕೂತವ್ರೋ, ಯಾವ್ ಕೇರಿಯೋರೋ, ನಂಗೇನ್ ಗೊತ್ತು? ಅಳತೆ ತಗೊಳಾವಾಗ ಗಿರಾಕಿ ಅಲುಗ್ಬಾರ್ದು, ಅದೊಂದ್ ಗೊತ್ತು.”

ಯಜಮಾನರು ಹೇಳಿದ್ದನ್ನು ಮಾಡಿಯೇ ತೋರಿಸಿದರು. ತಾಳಿ ಮಾಡಿಸುವವರು ನಮ್ಮ ಮನೆಗೆ ಬರುವುದು ನಿಂತೇಹೋಯಿತು, ಬೀದಿಯ ಹೆಂಗಸರು ಅವ್ವನನ್ನು ಅರಿಶಿನ ಕುಂಕುಮಕ್ಕೆ ಕರೆಯುವುದೂ ನಿಂತಿತು. ಕಷ್ಟವಾಯಿತು, ಆಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಮದುವೆಯಲ್ಲಿ ಟೀಚರಮ್ಮ ಸೆರಗನ್ನು ಭುಜದ ಹಿಂದಕ್ಕೆ ಸರಿಸಿ, ಪಿನ್ನು ಹಾಕಿ, ಎತ್ತಿ ಹಿಡಿದ ಕೊರಳಲ್ಲಿ ಅಜ್ಜಿಯ ಬಳ್ಳಿಯನ್ನು ಧರಿಸಿ ನಿಂತದ್ದನ್ನು ನಾನು ಮುಂದಿನ ಸಾಲಿನಲ್ಲೇ ಕೂತು ನೋಡಿದೆ. ಒಂದು ರೂಪಾಯಿಯೂ ವಾಲಲಿಲ್ಲ. ಅದನ್ನು ಕಂಡವರು ಚನ್ನರಾಯಪಟ್ಟಣದಿಂದ, ಶಾಂತಿಗ್ರಾಮದಿಂದ, ಆಮೇಲೆ ಹಾಸನದಿಂದಲೂ ತಮ್ಮ ತಮ್ಮ ಅಜ್ಜಿಯರ ಗಂಟು ಹಿಡಿದು ಬರತೊಡಗಿದರು. ಅವರನ್ನೆಲ್ಲ ಜಗಲಿಯ ಮೇಲೆ ಕೂರಿಸಿದ್ದು ನಾನೇ.

ಮದುವೆಗೆ ಮೊದಲಿನ ಒಂದು ಸಂಗತಿ ಹೇಳುವುದು ಉಳಿದಿದೆ. ಯಜಮಾನರು ಬಂದುಹೋದ ಆ ದಿನ, ಟೀಚರಮ್ಮ ಬೀದಿ ದಾಟುವುದಕ್ಕೂ ಕಾಯದೆ ಅವ್ವ ಸಗಣಿ ನೀರು ತಂದು ಜಗಲಿ ಸಾರಿಸಿದಳು. ನಾನು ತಡೆಯಲಿಲ್ಲ. “ಸಾರ್ಸು. ಕೀಲು ಸರಿಮಾಡಿ ಹಾಕಿ ನೋಡ್ಬೇಕು, ನಾಳಿದ್ದು ಮತ್ತೆ ಬತ್ತಾರೆ” ಎಂದೆ. ಅವರು ಬಂದರು, ಮಣೆಯ ಮೇಲೆ ಕೂತರು, ಹೋದರು. ಅವ್ವ ಮತ್ತೆ ಸಾರಿಸಿದಳು. ನಾನು ಮತ್ತೆ ಕರೆಸಿದೆ. ಅವ್ವ ಸೊಂಟದ ಮೇಲೆ ಕೈಯಿಟ್ಟುಕೊಂಡು, ಗೊಣಗಿಕೊಂಡು, ಮತ್ತೊಮ್ಮೆ ಸಾರಿಸಿದಳು. ಆಮೇಲೊಂದು ದಿನ ಟೀಚರಮ್ಮ ಹೋದ ಮೇಲೆ ಬಕೆಟ್ಟು ಹಿಡಿದು ಬಂದವಳು ಜಗಲಿಯನ್ನೊಮ್ಮೆ ನೋಡಿದಳು, ಬಕೆಟ್ಟು ಕೆಳಗಿಟ್ಟಳು, ಟೀಚರಮ್ಮ ಕೂತೆದ್ದ ಮಣೆಯ ಮೇಲೇ ಉಸ್ಸೆಂದು ಕುಸಿದು ಕೂತಳು.

“ನನ್ ಕೈಲಿ ಇನ್ನಾಗಾಕಿಲ್ಲ ಕಣೆ. ಅದೇನ್ ಕಂಠಪಟ್ಟಿ ಮಾಡ್ತಿದೀಯೋ, ಇನ್ನೂ ಕೂರ್ಲಿಲ್ವಾ?”

“ಇನ್ ಒಂಚೂರದೆ ಅವ್ವ” ಎಂದೆ.

ಅದು ಕೂತು ಆಗಲೇ ನಾಲ್ಕು ದಿನವಾಗಿತ್ತು.